ಒಂಬತ್ತು ಬೇಡ, ಮೂರು ಸಾಕು

ಪ್ರಿಯ ಸಹೋದರಿ,

ನಂಬಿಕೆ, ಕಾಣಿಕೆ, ದಿನನಿತ್ಯದ ಬದುಕು ಕುರಿತು ‘ಓದಲೇಬೇಕಾದ ಒಂಬತ್ತು ಕ್ರೈಸ್ತ ಪುಸ್ತಕಗಳು’ ಎಂಬ ನಿಮ್ಮ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಭಾಷೆಯಲ್ಲಿ ದೋಷವಿಲ್ಲ, ಲೆಕ್ಕದಲ್ಲಿದೆ. ಒಟ್ಟು 2,400 ಪದ. ಓದುವ ಹವ್ಯಾಸ ಎಷ್ಟು ಒಳ್ಳೆಯದು ಎಂದು ಹೇಳುವುದಕ್ಕೇ ಮೊದಲ 400 ಮುಗಿದಿವೆ. ಉಳಿದದ್ದನ್ನು ಹಂಚಿದರೆ ಒಂದು ಪುಸ್ತಕದ ಪಾಲಿಗೆ ಸುಮಾರು 220. ಅಷ್ಟರಲ್ಲಿ ಬೆನ್ನುಡಿಯನ್ನೇ ತಿರುಗಿಸಿ ಬರೆಯಬಹುದು, ಹಾಗೆಯೇ ಆಗಿದೆ. ‘ಮನಮುಟ್ಟುವ’ ಎಂಬ ಪದ ಹದಿನಾಲ್ಕು ಸಲ ಬಂದಿದೆ. ಪುಸ್ತಕ ಏನು ವಾದಿಸುತ್ತದೆ, ಆ ವಾದ ನಿಲ್ಲುತ್ತದೆಯೇ ಎಂಬ ಮಾತು ಎಲ್ಲೂ ಇಲ್ಲ.

ಇಂಥ ಪುಸ್ತಕವನ್ನು ತೂಗುವುದು ಕಷ್ಟವೇನಲ್ಲ. ಲೇಖಕರು ಉಲ್ಲೇಖಿಸಿದ ವಚನಗಳನ್ನೆಲ್ಲ ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಒಂದೊಂದಕ್ಕೂ ಸತ್ಯವೇದ (ಬೈಬಲ್) ತೆರೆದು ಆ ಅಧ್ಯಾಯವನ್ನು ಪೂರ್ತಿ ಓದಿ. ಹಿಂದಿನ ವಚನ, ಮುಂದಿನ ವಚನ ಯಾವುದು, ಲೇಖಕರು ಅದನ್ನು ಬಿಟ್ಟಿದ್ದಾರೆಯೇ, ಬಿಟ್ಟಿದ್ದರಿಂದ ಅರ್ಥ ವಾಲಿತೇ ನೋಡಿ. ಕಾಣಿಕೆಯ ಪುಸ್ತಕಗಳಲ್ಲಿ ಹೀಗೆ ವಾಲುವುದು ಹೆಚ್ಚು, ಹಾಗಾಗಿ ನಿಮ್ಮ ಮೂರನೆಯ ಪುಸ್ತಕವನ್ನೇ ತೆಗೆದುಕೊಳ್ಳೋಣ.

ಅದು ‘ದಶಮಾಂಶವನ್ನೆಲ್ಲ (ಹತ್ತನೆಯ ಪಾಲನ್ನು) ಭಂಡಾರಕ್ಕೆ ತನ್ನಿರಿ’ ಎನ್ನುವ ಮಲಾಕಿಯ 3:10ರಿಂದ ಆರಂಭಿಸಿ ಸಂಬಳದ ಹತ್ತರಲ್ಲೊಂದು ಪಾಲಿಗೆ ನೇರವಾಗಿ ಜಿಗಿಯುತ್ತದೆ ಎಂದು ನೀವೇ ಬರೆದಿದ್ದೀರಿ, ಮೆಚ್ಚಿಕೊಂಡೂ ಇದ್ದೀರಿ. ನಡುವೆ ಎಷ್ಟು ದಾರಿ ಇದೆ ನೋಡಿ. ಸತ್ಯವೇದದ ಅರಣ್ಯಕಾಂಡ 18ರಲ್ಲಿ ದಶಮಾಂಶ ಸಲ್ಲುವುದು ದೇವರ ಗುಡಾರದ ಸೇವೆಗೆ ನಿಂತ ಕುಲವಾದ, ಸ್ವಂತ ಭೂಮಿಯ ಪಾಲಿಲ್ಲದ ಲೇವಿಯರಿಗೆ. ಅವರೂ ಅದರಲ್ಲಿ ಹತ್ತನೆಯ ಪಾಲನ್ನು ಯಾಜಕನಿಗೆ ಕೊಡಬೇಕು. ಧರ್ಮೋಪದೇಶಕಾಂಡ 14ರಲ್ಲಿ ಅದು ಧಾನ್ಯ, ದ್ರಾಕ್ಷಾರಸ, ಎಣ್ಣೆ. ಕೊಟ್ಟವನೇ ಮನೆಯವರೊಂದಿಗೆ ದೇವರ ಸನ್ನಿಧಿಯಲ್ಲಿ ಉಂಡು ಸಂತೋಷಪಡಬೇಕು. ಮೂರು ವರ್ಷಕ್ಕೊಮ್ಮೆ ಅದು ಊರಿನಲ್ಲೇ ಉಳಿದು ಲೇವಿಯ, ಪರದೇಶಿ, ಅನಾಥ, ವಿಧವೆಯರ ಹೊಟ್ಟೆ ತುಂಬಬೇಕು. ನೆಹೆಮೀಯ 13ರಲ್ಲಿ ಪಾಲು ಬಾರದೆ ಲೇವಿಯರು ದೇವಾಲಯ ಬಿಟ್ಟು ಹೊಲಗಳಿಗೆ ಹೊರಟುಹೋಗಿದ್ದರು. ಮಲಾಕಿಯನ ಭಂಡಾರದ ಮಾತನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಹತ್ತನೆಯ ಪಾಲು ಕೊಡಬಾರದು ಎಂದು ಬರೆಯಿರಿ ಎನ್ನುತ್ತಿಲ್ಲ. ಹಲವು ಸಭೆಗಳು ಅದನ್ನು ಬೋಧಿಸುತ್ತವೆ, ಅದಕ್ಕೆ ಅವರದೇ ಕಾರಣಗಳಿವೆ. ಆದರೆ ಹೊಲದ ಧಾನ್ಯದಿಂದ ತಿಂಗಳ ಸಂಬಳಕ್ಕೆ ಪುಸ್ತಕ ಸೇತುವೆ ಕಟ್ಟಿದೆಯೇ, ಇಲ್ಲ ಹಾರಿಬಿಟ್ಟಿದೆಯೇ ಎಂದು ಓದುಗರಿಗೆ ತಿಳಿಸುವ ಕೆಲಸ ನಿಮ್ಮದು.

ಅದೇ ಪುಸ್ತಕ 2 ಕೊರಿಂಥ 9ರ ‘ಹೆಚ್ಚಾಗಿ ಬಿತ್ತುವವನು ಹೆಚ್ಚಾಗಿ ಕೊಯ್ಯುವನು’ ಎಂಬ ಮಾತನ್ನು ಐದು ಸಲ ಬಳಸುತ್ತದೆಯಂತೆ. ಒಂದು ಅಧ್ಯಾಯ ಹಿಂದಕ್ಕೆ ಹೋಗಿ. ಇರುವುದಕ್ಕೆ ತಕ್ಕಂತೆ ಕೊಡಿ, ಇಲ್ಲದ್ದಕ್ಕೆ ತಕ್ಕಂತೆ ಅಲ್ಲ. ಇತರರಿಗೆ ಹಗುರ ಮಾಡಿ ನಿಮ್ಮ ಮೇಲೆ ಹೊರೆ ಹೊರಿಸುವುದು ಉದ್ದೇಶವಲ್ಲ ಎಂದು 8:12-13ರಲ್ಲಿ ಆ ಪತ್ರ ಬರೆದ ಪೌಲ ಹೇಳುತ್ತಾನೆ. 8:20-21ರಲ್ಲಿ, ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸದಂತೆ ತಾನು ವಹಿಸಿದ ಎಚ್ಚರವನ್ನು ವಿವರಿಸುತ್ತಾನೆ. ಸಾಲ ಮಾಡಿಯಾದರೂ ಕೊಡಿ ಎನ್ನುವ ಪುಸ್ತಕಕ್ಕೆ ಈ ನಾಲ್ಕು ವಚನಗಳೇ ಉತ್ತರ. ಇದ್ದ ಎರಡು ಕಾಸನ್ನೂ ಕಾಣಿಕೆ ಹಾಕಿದ ವಿಧವೆಯ ಕಥೆಯೂ (ಮಾರ್ಕ 12:41-44) ಹೀಗೆಯೇ: ಅದರ ಮೇಲಿನ ವಚನದಲ್ಲೇ ಯೇಸು ವಿಧವೆಯರ ಮನೆಗಳನ್ನು ನುಂಗುವವರನ್ನು ಖಂಡಿಸಿದ್ದಾನೆ.

ಹತ್ತೊಂಬತ್ತನೆಯ ಶತಮಾನದ ಬೋಧಕ ಜಾರ್ಜ್ ಮುಲ್ಲರ್ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಯಾರ ಮುಂದೆಯೂ ಕೈಚಾಚದೆ, ಪ್ರಾರ್ಥನೆಯಿಂದಲೇ ಅನಾಥಾಲಯ ನಡೆಸಿದರು ಎಂದು ಬರೆದಿದ್ದೀರಿ. ಸರಿ, ಆದರೆ ಅರ್ಧ. 1836ರಲ್ಲಿ ಮೊದಲ ಮನೆ ತೆರೆದ ಆತ ಬಂದ ಕಾಣಿಕೆಗಳ ಲೆಕ್ಕವಿಟ್ಟು ವರದಿಗಳಲ್ಲಿ ಪ್ರಕಟಿಸುತ್ತಿದ್ದರು, ಸಾಲ ಮಾಡುವುದಿಲ್ಲ ಎಂಬ ನಿಯಮಕ್ಕೆ ಅಂಟಿಕೊಂಡಿದ್ದರು. ಮಕ್ಕಳ ಊಟಕ್ಕೆ ಏನೂ ಇಲ್ಲದಾಗ ಪ್ರಾರ್ಥಿಸಿದೊಡನೆ ರೊಟ್ಟಿ ಬಂದ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಲೆಕ್ಕದ ಪುಸ್ತಕವನ್ನು ಯಾರೂ ತೆರೆಯುವುದಿಲ್ಲ.

ನಂಬಿಕೆಯ ಪುಸ್ತಕಗಳ ಬಗ್ಗೆ ಚಿಕ್ಕದಾಗಿ. ಒಳ್ಳೆಯ ಭವಿಷ್ಯ, ನಿರೀಕ್ಷೆ ಕೊಡುವೆ ಎನ್ನುವ ಯೆರೆಮೀಯ 29:11 ಕಂಡರೆ ಹತ್ತನೆಯ ವಚನವನ್ನೂ ಓದಿ: ಅದು ಸೆರೆಹೋದವರಿಗೆ ಹೇಳಿದ ಮಾತು, ಬಾಬೆಲಿನಲ್ಲಿ ಎಪ್ಪತ್ತು ವರ್ಷ ತುಂಬಿದ ಮೇಲೆ ಎಂದಿದೆ. ನನ್ನನ್ನು ಬಲಪಡಿಸುವವನಲ್ಲಿ ಎಲ್ಲವನ್ನೂ ಮಾಡಬಲ್ಲೆ ಎನ್ನುವ ಫಿಲಿಪ್ಪಿ 4:13 ಗೆಲುವಿನ ಘೋಷಣೆಯಲ್ಲ. ಹಸಿವಾದರೂ ಸಮೃದ್ಧಿಯಾದರೂ ಇರಬಲ್ಲೆ ಎಂಬ ಮಾತಿನ ಮುಂದುವರಿಕೆ ಅದು. ನಿಮ್ಮ ಲೇಖನದಲ್ಲೂ ಎರಡು ತಪ್ಪು ನುಸುಳಿವೆ. 1 ತಿಮೊಥೆ 6:10 ಕೆಡುಕಿನ ಮೂಲ ಎನ್ನುವುದು ಹಣವನ್ನಲ್ಲ, ಹಣದಾಸೆಯನ್ನು. ‘ತನಗೆ ತಾನು ಸಹಾಯ ಮಾಡಿಕೊಳ್ಳುವವನಿಗೆ ದೇವರು ಸಹಾಯ ಮಾಡುತ್ತಾನೆ’ ಎಂಬುದು ಸತ್ಯವೇದದಲ್ಲಿ ಇಲ್ಲವೇ ಇಲ್ಲ.

ಇನ್ನು ಅನುದಿನದ ಧ್ಯಾನದ ಪುಸ್ತಕ. 365 ಪುಟಗಳ ಪುಸ್ತಕವನ್ನು ಎರಡು ದಿನದಲ್ಲಿ ಮುಗಿಸಿದೆ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಔಷಧಿಯ ಬಾಟಲಿಯನ್ನು ಒಂದೇ ಗುಟುಕಿಗೆ ಕುಡಿದಂತಾಯಿತು. ದಿನಕ್ಕೊಂದು ಪುಟದಂತೆ ಕನಿಷ್ಠ ಮೂರು ವಾರ ಓದಿ. ಎರಡನೆಯ ವಾರದಲ್ಲಿ ಅದೇ ಉಪಮೆ, ಅದೇ ಸಮಾಧಾನ ಮರುಕಳಿಸಿದರೆ ಆಗ ಗೊತ್ತಾಗುತ್ತದೆ. ಕಾಣಿಕೆಯ ಪುಸ್ತಕವನ್ನು ಮನೆಖರ್ಚಿನ ಲೆಕ್ಕ ಪಕ್ಕದಲ್ಲಿಟ್ಟುಕೊಂಡು ಓದಿ. ಬಾಡಿಗೆ, ಸಾಲದ ಕಂತು, ವಯಸ್ಸಾದ ತಂದೆತಾಯಿಯ ಔಷಧಿ ಇರುವ ಮನೆಗೆ ಅದರ ಸಲಹೆ ಹೊಂದುತ್ತದೆಯೇ ಎಂದು ಪರೀಕ್ಷಿಸಿ. ಅನುವಾದಿತ ಪುಸ್ತಕವಾದರೆ ಇನ್ನೊಂದು ಗಮನಿಸಿ: ವಚನಗಳನ್ನು ಕನ್ನಡ ಸತ್ಯವೇದದಿಂದ ಎತ್ತಿದ್ದಾರೆಯೇ, ಇಂಗ್ಲಿಷಿನಿಂದ ಮತ್ತೆ ಅನುವಾದಿಸಿದ್ದಾರೆಯೇ? ಎರಡನೆಯದಾದರೆ ಓದುಗರಿಗೆ ಪರಿಚಿತ ವಚನವೂ ಗುರುತು ಸಿಗುವುದಿಲ್ಲ.

ಮೂರು ಪುಸ್ತಕ ಉಳಿಸಿಕೊಳ್ಳಿ, ವಿಷಯಕ್ಕೊಂದು. ತಲಾ 400 ಪದ. ಪೀಠಿಕೆ ಐದು ಸಾಲು ಮೀರದಿರಲಿ. ಪ್ರತಿ ಪುಸ್ತಕದಲ್ಲೂ ನಿಮಗೆ ಒಪ್ಪಿಗೆಯಾಗದ ಒಂದು ಮಾತನ್ನು ಪುಟಸಂಖ್ಯೆ ಸಮೇತ ಹೇಳಿ. ಒಂದೂ ಸಿಗದಿದ್ದರೆ ಇನ್ನೊಮ್ಮೆ ಓದಿ. ಏಳನೆಯ ಪುಸ್ತಕದ ಬಗ್ಗೆ, ‘ಈ ಲೇಖಕರ ಮನೆಯಲ್ಲಿ ಮಕ್ಕಳು ಅಳುವುದೇ ಇಲ್ಲವೇನೋ’ ಎಂದು ಕಂಸದಲ್ಲಿ ಬರೆದು ಹೊಡೆದುಹಾಕಿದ್ದೀರಿ. ಆ ಸಾಲನ್ನು ವಾಪಸು ತನ್ನಿ, ಆ ಪುಸ್ತಕದ ಪರಿಚಯ ಅಲ್ಲಿಂದಲೇ ಶುರುವಾಗಲಿ.

ಸಂಪಾದಕರು