ನಮ್ಮ ತರಗತಿಯ ಪಾಠವೇ ಸಂಶೋಧನೆ ಆಗುತ್ತದಾ?

ಜಗಳೂರು ಕಡೆಯ ಶಿಕ್ಷಕಿಯೊಬ್ಬರ ಪ್ರಶ್ನೆ: ದಾವಣಗೆರೆಯಲ್ಲಿ ಬಿ.ಎಡ್ ಓದುವಾಗ ‘ಕ್ರಿಯಾ ಸಂಶೋಧನೆ’ (ತಮ್ಮ ತರಗತಿಯ ತೊಂದರೆಯನ್ನು ಶಿಕ್ಷಕರೇ ಪರಿಶೀಲಿಸಿ ಸರಿಪಡಿಸಲು ನೋಡುವುದು) ಅಂತ ಒಂದು ವರದಿ ಬರೆಸಿದ್ದರು. ಅದು ನಿಜವಾದ ಸಂಶೋಧನೆಯಾ?

ಖಂಡಿತ ಹೌದು, ಮೇಡಂ. 1940ರ ದಶಕದಲ್ಲೇ ಮನೋವಿಜ್ಞಾನಿ ಕರ್ಟ್ ಲೆವಿನ್ ಇದಕ್ಕೊಂದು ರೂಪ ಕೊಟ್ಟರು. ಯೋಜನೆ ಹಾಕು, ಮಾಡಿ ನೋಡು, ಏನಾಯಿತೆಂದು ಪರಿಶೀಲಿಸು, ಮತ್ತೆ ಯೋಜನೆ ಹಾಕು. 1970ರ ದಶಕದಲ್ಲಿ ಇಂಗ್ಲೆಂಡಿನ ಶಿಕ್ಷಣ ತಜ್ಞ ಲಾರೆನ್ಸ್ ಸ್ಟೆನ್‌ಹೌಸ್, ಶಿಕ್ಷಕರೇ ಸಂಶೋಧಕರಾಗಬೇಕು ಎಂದು ವಾದಿಸಿದರು.

ನಿಮ್ಮ ತರಗತಿಯಲ್ಲಿ ಒಂದು ಮಗು 52ರಲ್ಲಿ 27 ಕಳೆದು 35 ಅಂತ ಬರೆದಿದೆ ಅನ್ನಿ. ‘ಗಮನವೇ ಇಲ್ಲ’ ಅಂತ ಬೈದು ಬಿಡಬೇಡಿ. ಬಿಡಿ ಸ್ಥಾನದಲ್ಲಿ ಅದು 2ರಲ್ಲಿ 7 ಕಳೆಯುವ ಬದಲು 7ರಲ್ಲಿ 2 ಕಳೆದಿದೆ. ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಅನ್ನುವುದು ಅದರದೇ ನಿಯಮ. ಹೇಗೆ ಮಾಡಿದೆ ಅಂತ ಕೇಳಿ, ಅದು ಹೇಳಿದ ಮಾತನ್ನೇ ಬರೆದಿಡಿ. ಹತ್ತತ್ತು ಕಡ್ಡಿಗಳ ಕಟ್ಟು ಕೊಟ್ಟು, ಒಂದು ಕಟ್ಟು ಬಿಚ್ಚಿಸಿ ಲೆಕ್ಕ ಮಾಡಿಸಿ. ಕೆಲವು ವಾರ ಬಿಟ್ಟು ಅದೇ ಬಗೆಯ ಲೆಕ್ಕ ಮತ್ತೆ ಕೊಡಿ. ನೋಟ್‌ಬುಕ್ಕಿನ ಹಳೆ ಪುಟ, ಹೊಸ ಪುಟ, ನಿಮ್ಮ ಡೈರಿ, ಇವೇ ನಿಮ್ಮ ಆಧಾರ. ಸುಮ್ನೆ ಕೊನೆಗೊಂದು ಶೇಕಡಾವಾರು ಕೋಷ್ಟಕ ಹಾಕುವುದಕ್ಕಿಂತ ಇದು ಎಷ್ಟೋ ಮೇಲು. ಕಡ್ಡಿಯಿಂದ ಪ್ರಯೋಜನ ಆಗದಿದ್ದರೆ ಅದನ್ನೂ ಬರೆಯಿರಿ.

ಮುಂದೆ ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯದಲ್ಲೋ ಬೇರೆಲ್ಲೋ ಪಿಎಚ್‌ಡಿಗೆ ಸೇರಿದರೆ ಇಷ್ಟೇ ಸಾಲದು. ಇದೇ ವಿಷಯದಲ್ಲಿ ಬೇರೆಯವರು ಕಂಡುಕೊಂಡದ್ದನ್ನು ಜಾಸ್ತಿ ಓದಬೇಕು, ನಿಮ್ಮದು ಅದಕ್ಕೆ ಎಲ್ಲಿ ಹೊಂದುತ್ತದೆ, ಎಲ್ಲಿ ಇಲ್ಲ ಅಂತ ತೋರಿಸಬೇಕು.

ಇನ್ನೊಂದು ಮಾತು. ಸ್ವಂತ ಟೀಚರೇ ಕೇಳಿದಾಗ ಮಗುವಿಗೆ ‘ಬೇಡ’ ಅನ್ನುವುದು ಕಷ್ಟ, ಅಲ್ವಾ? ಹಾಗಾಗಿ ಪೋಷಕರ ಒಪ್ಪಿಗೆ ಮೊದಲೇ ಪಡೆಯಿರಿ. ವರದಿಯಲ್ಲಿ ಮಕ್ಕಳ ಹೆಸರು ಬೇಡವೇ ಬೇಡ.