ಹೊಸ ಸ್ಟೇರಿಂಗ್ ಹೋಸೂ ಮತ್ತೆ ಯಾಕೆ ಒಡೆಯುತ್ತೆ?

ಸಣ್ಣ ಟ್ರ್ಯಾಕ್ಟರಿನ ಪವರ್ ಸ್ಟೇರಿಂಗಿಗೆ ಎಣ್ಣೆ ಒಯ್ಯುವ ಹೋಸುಗಳ ಬಗ್ಗೆ ಬರುವ ಪತ್ರಗಳಲ್ಲಿ ಊರು, ಹೆಸರು ಬೇರೆ ಬೇರೆ. ಪ್ರಶ್ನೆ ಮಾತ್ರ ಅದೇ. ಅದಕ್ಕೇ ಎಲ್ಲಕ್ಕೂ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಎಂಜಿನ್ ನಿಲ್ಲಿಸಿ, ಸ್ಟೇರಿಂಗ್ ಅತ್ತಿತ್ತ ತಿರುಗಿಸಿ, ಪ್ರೆಷರ್ ಇಳಿಸಿದ ಮೇಲೇ ನಟ್ಟು ಸಡಿಲಿಸಬೇಕು ಅನ್ನುವುದನ್ನೆಲ್ಲ ವಿವರಿಸಲು ಹೋಗುವುದಿಲ್ಲ. ಅಷ್ಟೂ ಗೊತ್ತಿಲ್ಲದವರು ಸ್ಪ್ಯಾನರ್ ಮುಟ್ಟದಿದ್ದರೇ ಒಳ್ಳೆಯದು.

ಪ್ರಶ್ನೆ: ಚಕ್ರ ತಿರುಗಿಸುವ ಸ್ಟೇರಿಂಗ್ ಸಿಲಿಂಡರಿಗೆ ಹೋಗುವ ಹೋಸು ಒಡೆದಿತ್ತು. ಹೊಸದು ಹಾಕಿಸಿದೆ. ಕೆಲವೇ ತಿಂಗಳಲ್ಲಿ ಅದೇ ಜಾಗದಲ್ಲಿ ಎಣ್ಣೆ ಜಿನುಗುತ್ತಿದೆ. ಯಾವ ಕಂಪನಿಯ ಹೋಸು ಬಾಳಿಕೆ ಬರುತ್ತೆ?

ಕಂಪನಿ ಆಮೇಲೆ ಕೇಳಿ. ಮೊದಲು ಹಳೆ ಹೋಸು ಎಲ್ಲಿದೆ? ಅಂಗಡಿಯಲ್ಲೇ ಬಿಟ್ಟು ಬಂದಿರುತ್ತೀರಿ, ಅಲ್ವಾ? ಅದು ಯಾಕೆ ಹೋಯಿತು ಅನ್ನುವುದು ಅದರ ಮೈಮೇಲೇ ಇರುತ್ತೆ.

ಒಂದೇ ಕಡೆ ರಬ್ಬರು ಸವೆದು, ಒಳಗಿನ ತಂತಿ ಹೆಣಿಗೆ ಹೊರಗೆ ಬಂದು ತುಕ್ಕು ಹಿಡಿದಿದೆಯಾ? ಹಾಗಾದರೆ ಅದು ಆಕ್ಸಲ್‌ಗೋ ಬ್ರಾಕೆಟ್‌ಗೋ ಉಜ್ಜುತ್ತಿತ್ತು. ಅದೇ ದಾರಿಯಲ್ಲಿ ಎಷ್ಟು ದುಬಾರಿ ಹೋಸು ಎಳೆದರೂ ಅದೇ ಗತಿ. ಫಿಟ್ಟಿಂಗ್ ಕಾಲರಿನ (ಹೋಸಿನ ತುದಿಯನ್ನು ಹಿಡಿದಿರುವ ಲೋಹದ ಬಳೆ) ಬುಡದಲ್ಲೇ ಬಿರಿದಿದೆಯಾ? ಅಳತೆ ಗಿಡ್ಡವಾಗಿದೆ, ಇಲ್ಲವೇ ಕಾಲರಿಂದ ಹೊರಬಿದ್ದ ಕೂಡಲೇ ಹೋಸನ್ನು ಬಗ್ಗಿಸಿದ್ದಾರೆ. ಪ್ರೆಷರ್ ಬಿದ್ದಾಗ ಹೋಸಿನ ಉದ್ದ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ. ಬಿಗಿಯಾಗಿ ಎಳೆದು ಕಟ್ಟಿದರೆ ಆ ಎಳೆತವೆಲ್ಲ ಕಾಲರಿನ ಮೇಲೇ. ಮೈತುಂಬ ಸಣ್ಣ ಬಿರುಕುಗಳಿದ್ದರೆ ಮಾತ್ರ ಅದು ವಯಸ್ಸಾಗಿ ಹೋದ ಹೋಸು.

ಇನ್ನೊಂದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಹೋಸಿನ ಉದ್ದಕ್ಕೂ ಅಕ್ಷರಗಳ ಒಂದು ಸಾಲು ಇರುತ್ತೆ: ಎಂಥ ಹೋಸು, ಒಳ ಅಳತೆ, ಎಷ್ಟು ಪ್ರೆಷರ್ ತಡೆಯುತ್ತೆ, ಯಾವಾಗ ತಯಾರಾಯಿತು. ಜೋಡಿಸಿದ ಮೇಲೆ ಆ ಸಾಲು ಒಂದೇ ಬದಿಯಲ್ಲಿ ನೇರವಾಗಿ ಓಡಬೇಕು. ಹೋಸಿನ ಸುತ್ತ ಬಳ್ಳಿಯ ಹಾಗೆ ಹಬ್ಬಿದ್ದರೆ, ನಟ್ಟು ಬಿಗಿಸುವಾಗ ಹೋಸೂ ಜೊತೆಗೆ ತಿರುಚಿದೆ ಅಂತ ಅರ್ಥ. ತಿರುಚಿದ ಹೋಸಿನಲ್ಲಿ ತಂತಿ ಹೆಣಿಗೆಯ ಎಳೆಗಳ ಮೇಲೆ ಭಾರ ಸಮನಾಗಿ ಬೀಳುವುದಿಲ್ಲ. ಪ್ರೆಷರ್ ಬಂದಾಗಲೆಲ್ಲ ಅದು ಬಿಚ್ಚಿಕೊಳ್ಳಲು ನೋಡುತ್ತೆ, ನಟ್ಟನ್ನೂ ಸಡಿಲಿಸುತ್ತೆ. ನಿಮ್ಮದು ಹೀಗೇ ಆಗಿರಬಹುದು ಅನ್ನುವುದು ನನ್ನ ಗುಮಾನಿ. ಎರಡು ಸ್ಪ್ಯಾನರ್ ಬೇಕು: ಒಂದು ಹೋಸಿನ ಕಡೆಯ ಫಿಟ್ಟಿಂಗನ್ನು ಅಲುಗದಂತೆ ಹಿಡಿಯಲು, ಇನ್ನೊಂದು ನಟ್ಟು ತಿರುಗಿಸಲು. ಮೊದಲು ಎರಡೂ ತುದಿ ಕೈಯಲ್ಲೇ ಕೂರಿಸಿ, ಹೋಸು ತನಗೆ ಬೇಕಾದಂತೆ ಮಲಗಲಿ, ಆಮೇಲೆ ಬಿಗಿಸಿ.

ಹೊಸದು ಮಾಡಿಸುವಾಗ ಹಳೆಯದನ್ನು ತೋರಿಸಿ "ಇಷ್ಟೇ ಉದ್ದ" ಅನ್ನಬೇಡಿ. ಹಳೆಯದೇ ಗಿಡ್ಡವಿದ್ದರೆ? ಮುಂದಿನ ಚಕ್ರಗಳನ್ನು ಫುಲ್ ಕಟ್ ಮಾಡಿ, ಅಂದರೆ ಕೊನೆವರೆಗೂ ತಿರುಗಿಸಿ, ಆಕ್ಸಲನ್ನು ಒಂದು ಬದಿಗೆ ವಾಲಿಸಿ ಅಳೆಯಿರಿ. ಇನ್ನೊಂದು ಬದಿಗೂ ವಾಲಿಸಿ ನೋಡಿ. ಸಮತಟ್ಟು ನೆಲದಲ್ಲಿ ಸರಿಯಾಗಿ ಕಂಡ ಹೋಸು ಹಳ್ಳದಿಣ್ಣೆಯಲ್ಲಿ ಎಲ್ಲಿಗೆ ತಾಗುತ್ತೆ ಅನ್ನುವುದು ಆಗಲೇ ಗೊತ್ತಾಗುವುದು.

ಫಿಟ್ಟಿಂಗಿನದೂ ಒಂದು ಮಾತು. ಥ್ರೆಡ್ ಕೂತಿತು ಅಂದ ಮಾತ್ರಕ್ಕೆ ಫಿಟ್ಟಿಂಗ್ ಸರಿ ಅಂತಲ್ಲ. 37 ಡಿಗ್ರಿ ಮತ್ತು 45 ಡಿಗ್ರಿ ಕೋನ್ (ಒಂದಕ್ಕೊಂದು ಒತ್ತಿ ಕೂರುವ ಇಳಿಜಾರು ಮುಖ) ಇರುವ ಫಿಟ್ಟಿಂಗುಗಳಿಗೆ ಕೆಲವು ಅಳತೆಗಳಲ್ಲಿ ಥ್ರೆಡ್ ಒಂದೇ. ಸಲೀಸಾಗಿ ತಿರುಗುತ್ತೆ, ಬಿಗಿಯುತ್ತೆ, ಆಮೇಲೆ ಸೋರುತ್ತೆ. ಆಗ ಶುರುವಾಗುವುದೇ ಟೆಫ್ಲಾನ್ ಟೇಪಿನ ವೈದ್ಯ! ಕೋನ್ ಅಥವಾ ಓ-ರಿಂಗ್ (ರಬ್ಬರ್ ಉಂಗುರ) ಫಿಟ್ಟಿಂಗಿನಲ್ಲಿ ಎಣ್ಣೆ ತಡೆಯುವುದು ಥ್ರೆಡ್ ಅಲ್ಲ, ಕೋನಿನ ಮುಖ ಅಥವಾ ಓ-ರಿಂಗ್. ಟೇಪಿನ ಚೂರು ಒಳಗೆ ಹೋಗಿ, ಎಣ್ಣೆಯನ್ನು ಎಡಕ್ಕೋ ಬಲಕ್ಕೋ ಕಳಿಸುವ ಸ್ಟೇರಿಂಗ್ ಯೂನಿಟ್ಟಿನಲ್ಲಿ ಸಿಕ್ಕಿಕೊಂಡರೆ ಖರ್ಚು ಹೋಸಿನದಲ್ಲ, ಇಡೀ ಯೂನಿಟ್ಟಿನದು.

ಪ್ರಶ್ನೆ: ಸೋರುವ ಜಾಗ ಕಾಣುತ್ತಿಲ್ಲ. ಎಂಜಿನ್ ಓಡುವಾಗ ಕೈಯಲ್ಲಿ ಸವರಿ ನೋಡಬಹುದಾ?

ಬೇಡ. ಕೈಗವಸು ಹಾಕಿಕೊಂಡೂ ಬೇಡ. ಕಾರಿನ ಟೈರಿನಲ್ಲಿ ಇರುವ ಪ್ರೆಷರ್ 2 ಬಾರ್ ಚಿಲ್ಲರೆ. ಇಲ್ಲಿ ಸ್ಟೇರಿಂಗ್ ಕಟ್ ಮಾಡಿದಾಗ 100 ಬಾರ್‌ವರೆಗೂ ಹೋಗಬಹುದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತೆ. ಹೊರಗೆ ಒಂದು ಚುಕ್ಕೆ ಗಾಯ, ಮೊದಲು ನೋವೂ ಅಷ್ಟಿರುವುದಿಲ್ಲ. "ಏನೂ ಆಗಲ್ಲ, ಮುಲಾಮು ಹಚ್ಚು" ಅನ್ನುವವರ ಮಾತು ಕೇಳಿದರೆ ಬೆರಳೇ ಹೋಗಬಹುದು. ಇದಕ್ಕೆ ತುರ್ತಾಗಿ ಆಪರೇಷನ್ ಬೇಕು, ಕಾಯುವಂತಿಲ್ಲ. ಆಸ್ಪತ್ರೆಯಲ್ಲಿ "ಹೈಡ್ರಾಲಿಕ್ ಎಣ್ಣೆ ಒಳಗೆ ನುಗ್ಗಿದೆ" ಅಂತ ಸ್ಪಷ್ಟವಾಗಿ ಹೇಳಿ. ಸೋರಿಕೆ ಹುಡುಕಲು ಉದ್ದನೆ ರಟ್ಟಿನ ತುಂಡು ಹಿಡಿಯಿರಿ, ಎಣ್ಣೆ ಬಿದ್ದಲ್ಲಿ ಒದ್ದೆಯಾಗುತ್ತೆ.

ಪ್ರಶ್ನೆ: ಒಡೆದ ಜಾಗಕ್ಕೆ ರಬ್ಬರ್ ಸುತ್ತಿ ಎರಡು ಕ್ಲಿಪ್ ಹಾಕಿದರೆ ಸ್ವಲ್ಪ ದಿನ ನಡೆಯುತ್ತಾ?

ಇಲ್ಲ. ಮುಂದಿನ ಪ್ರಶ್ನೆ.

ಪ್ರಶ್ನೆ: ಸೋರಿಕೆ ನಿಲ್ಲಿಸುವ ದ್ರಾವಣ ಎಣ್ಣೆಗೆ ಸೇರಿಸಬಹುದಾ?

ತಂತಿ ಸಮೇತ ಹರಿದ ಹೋಸನ್ನು ಯಾವ ಬಾಟಲಿಯೂ ಹೊಲಿಯುವುದಿಲ್ಲ. ಮಾರುವವರಿಗೂ ಇದು ಗೊತ್ತು.

ಪ್ರಶ್ನೆ: ಹೋಸು ಬದಲಾಯಿಸಿದ ಮೇಲೆ ಸ್ಟೇರಿಂಗ್ ಜಗ್ಗುತ್ತೆ, ಗೊರಗೊರ ಶಬ್ದ. ಪಂಪ್ ಹೋಯ್ತಾ?

ಏರ್ ಹಿಡಿದಿದೆ, ಅಷ್ಟೇ. ಸುಮ್ನೆ ಪಂಪ್ ಬಿಚ್ಚಬೇಡಿ. ಮುಂಭಾಗ ಎತ್ತಿ ಸ್ಟ್ಯಾಂಡ್ ಕೊಡಿ, ಬರೀ ಜಾಕ್ ನಂಬಬೇಡಿ. ಎಂಜಿನ್ ನಿಧಾನಕ್ಕೆ ಓಡಲಿ. ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಮೆಲ್ಲಗೆ ಹಲವು ಸಲ ತಿರುಗಿಸಿ. ಕೊನೆಯಲ್ಲಿ ಒತ್ತಿ ಹಿಡಿಯಬೇಡಿ, ಹೆಚ್ಚಾದ ಪ್ರೆಷರ್ ಬಿಟ್ಟುಕೊಡುವ ರಿಲೀಫ್ ವಾಲ್ವ್ ತೆರೆದು ಎಣ್ಣೆ ಕಾಯುತ್ತೆ. ನಡುನಡುವೆ ಎಣ್ಣೆ ಮಟ್ಟ ನೋಡಿ, ಕಮ್ಮಿಯಾದರೆ ಟ್ರ್ಯಾಕ್ಟರಿನ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿ. ನೊರೆ ಇದ್ದರೆ ನಿಲ್ಲಿಸಿ, ಇಳಿಯಲು ಬಿಡಿ, ಮತ್ತೆ ತಿರುಗಿಸಿ.

ಪ್ರಶ್ನೆ: ಎಡಕ್ಕೆ ತಿರುಗಿಸಿದರೆ ಚಕ್ರ ಬಲಕ್ಕೆ ಹೋಗುತ್ತಿದೆ!

ಸಿಲಿಂಡರಿನ ಎರಡು ಹೋಸುಗಳನ್ನು ಅದಲು ಬದಲು ಮಾಡಿದ್ದೀರಿ. ಬಿಚ್ಚುವ ಮೊದಲು ಒಂದಕ್ಕೆ ಬಣ್ಣದ ಟೇಪ್ ಸುತ್ತಿ. ಹೌದು, ಇಲ್ಲಿ ಟೇಪ್ ಬಳಸಬಹುದು.