ಓದುಗರ ಪ್ರಶ್ನೆ: ಹಾರ್ವರ್ಡ್‌ನ ಎಲಿಯಟ್ ಮತ್ತು ಇಷ್ಟದ ವಿಷಯ

ಪ್ರಶ್ನೆ: ಸರ್, ನಮ್ಮ ಕಾಲೇಜಿನ ಸೆಮಿನಾರಿನಲ್ಲಿ ಒಬ್ಬರು, ಓಪನ್ ಎಲೆಕ್ಟಿವ್ (ವಿದ್ಯಾರ್ಥಿಯೇ ಇಷ್ಟದ ವಿಷಯ ಆಯ್ದುಕೊಳ್ಳುವ ಪದ್ಧತಿ) ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಎಲಿಯಟ್ ಎಂದರು. ಯಾರವರು? ಈ ಪದ್ಧತಿ ಅವರದೇ ಏನು?
– ಬಿ.ಎಸ್‌ಸಿ. ವಿದ್ಯಾರ್ಥಿ, ಜಮಖಂಡಿ

ಉತ್ತರ: ಚಾರ್ಲ್ಸ್ ವಿಲಿಯಂ ಎಲಿಯಟ್ (1834–1926) ಬಾಸ್ಟನ್ನಿನವರು. ಹಾರ್ವರ್ಡಿನಲ್ಲೇ ಓದಿ ಅಲ್ಲೇ ಗಣಿತ, ರಸಾಯನಶಾಸ್ತ್ರ ಕಲಿಸಿದರು. 1863ರಲ್ಲಿ ಪ್ರಾಧ್ಯಾಪಕ ಹುದ್ದೆ ಇನ್ನೊಬ್ಬರ ಪಾಲಾಯಿತು. ಕೆಲಸ ಬಿಟ್ಟು ಯುರೋಪಿಗೆ ಹೋಗಿ ಅಲ್ಲಿನ ಶಾಲೆ, ಪ್ರಯೋಗಾಲಯಗಳನ್ನು ನೋಡಿಕೊಂಡು ಬಂದರು. 1865ರಲ್ಲಿ ಆಗಷ್ಟೇ ಶುರುವಾಗಿದ್ದ ಎಂ.ಐ.ಟಿ. ಎಂಬ ತಾಂತ್ರಿಕ ಶಿಕ್ಷಣ ಸಂಸ್ಥೆಗೆ ಕಲಿಸಲು ಸೇರಿದರು. 1869ರಲ್ಲಿ, 35ರ ವಯಸ್ಸಿಗೇ ಹಾರ್ವರ್ಡಿನ ಅಧ್ಯಕ್ಷರಾಗಿ, 40 ವರ್ಷ ಆ ಕುರ್ಚಿಯಲ್ಲಿ ಕೂತರು. ಅಲ್ಲಿ ‘ಅಧ್ಯಕ್ಷ’ ಎಂದರೆ ನಮ್ಮ ಕುಲಪತಿಯ ಜಾಗ.

ಪದ್ಧತಿ ಅವರ ಸೃಷ್ಟಿಯಲ್ಲ. ಅಮೆರಿಕ ದೇಶದ ಅಧ್ಯಕ್ಷರಾಗಿದ್ದ ಜೆಫರ್ಸನ್ ಕಟ್ಟಿದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 1825ರಿಂದಲೇ ಆಯ್ಕೆಯಿತ್ತು. ಅದನ್ನು ಕೊನೆಯತನಕ ಒಯ್ದವರು ಎಲಿಯಟ್. ಒಂದೇ ಏಟಿಗೆ ಅಲ್ಲ, ಮೇಲಿನಿಂದ ಕೆಳಕ್ಕೆ ಒಂದೊಂದೇ ಮೆಟ್ಟಿಲು: ಕಡ್ಡಾಯ ವಿಷಯ ಅಂತಿಮ ವರ್ಷದವರಿಗೆ 1872ರಲ್ಲಿ ಹೋಯಿತು, ಮೂರನೇ ವರ್ಷಕ್ಕೆ 1879ರಲ್ಲಿ, ಎರಡನೆಯದಕ್ಕೆ 1884ರಲ್ಲಿ. ಮರುವರ್ಷ ಹೊಸಬರ ಹೊರೆಯೂ ಇಳಿಯಿತು. 1897ರ ಹೊತ್ತಿಗೆ ಉಳಿದ ಕಡ್ಡಾಯ ಒಂದು ವರ್ಷದ ಇಂಗ್ಲಿಷ್ ಬರವಣಿಗೆ ಮಾತ್ರ.

ಇದಕ್ಕೆ ರೊಕ್ಕ ಬೇಕು. ಹತ್ತು ವಿಷಯ ಇಡುತ್ತೇವೆಂದರೆ ಹತ್ತು ಮಂದಿ ಮೇಷ್ಟ್ರು ಬೇಕಲ್ಲ! ಅವರ ಕಾಲದಲ್ಲಿ ಬೋಧಕರು ಸುಮಾರು 60ರಿಂದ 600ಕ್ಕೆ ಏರಿದರು. ನಮ್ಮಲ್ಲಿ ಪಟ್ಟಿಯಲ್ಲಿ ವಿಷಯವಿರುತ್ತದೆ, ಕಲಿಸುವವರು ಇರುವುದಿಲ್ಲ. ಇದ್ದ ಅತಿಥಿ ಉಪನ್ಯಾಸಕರಿಗೆ ಬಂದದ್ದನ್ನೇ ಮಕ್ಕಳು ‘ಆಯ್ಕೆ’ ಮಾಡಬೇಕಾಗುತ್ತದೆ.

ಹಾರ್ವರ್ಡಿನಲ್ಲಿ ಕೆಟ್ಟದ್ದು ಬೇರೆ ಕಡೆ. ಹುಡುಗರು ಸುಲಭದ ಆರಂಭಿಕ ಕೋರ್ಸುಗಳನ್ನೇ ಆಯ್ದುಕೊಂಡು, ಯಾವುದರಲ್ಲೂ ಆಳಕ್ಕಿಳಿಯದೆ ಪದವಿ ಒಯ್ದರು. ಎಲಿಯಟ್ ನಂತರ 1909ರಲ್ಲಿ ಅಧ್ಯಕ್ಷರಾಗಿ ಬಂದ ಲೋವೆಲ್ ಇದಕ್ಕೆ ಲಗಾಮು ಹಾಕಿದರು: 16 ಕೋರ್ಸುಗಳಲ್ಲಿ ಕನಿಷ್ಠ 6 ಒಂದೇ ಕ್ಷೇತ್ರದವು, ಉಳಿದವುಗಳಲ್ಲಿ ಕೆಲವು ಬೇರೆ ಬೇರೆ ಗುಂಪಿನವು. ಲೋವೆಲ್ ಮಾಡಿದ್ದೇ ಸರಿಯೆಂದು ನಮ್ಮ ಅಭಿಪ್ರಾಯ. ನೀವೂ ಎಲೆಕ್ಟಿವ್ ತುಂಬುವಾಗ ಮುಂದಿನ ಸೆಮಿಸ್ಟರಿನಲ್ಲಿ ಅದರ ಮುಂದುವರಿಕೆ ಇದೆಯೇ ಎಂದು ಮೊದಲು ವಿಭಾಗದಲ್ಲಿ ಕೇಳಿ. ಟೈಮ್‌ಟೇಬಲ್ ನೋಡುವುದು ಆಮೇಲೆ.

ಪ್ರಶ್ನೆ: ರಸಾಯನಶಾಸ್ತ್ರದವರಾದ ಎಲಿಯಟ್ ಹಾರ್ವರ್ಡಿನ ವೈದ್ಯಕೀಯ ಶಾಲೆಯನ್ನು ಬದಲಿಸಲು ಯಾಕೆ ಕೈ ಹಾಕಿದರು?
– ಎಂ.ಬಿ.ಬಿ.ಎಸ್. ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಅಲ್ಲಿನ ಪರೀಕ್ಷೆ ಕೇಳಿದರೆ ನಿಮಗೇ ಗೊತ್ತಾಗುತ್ತದೆ. ವಿಷಯ ಒಂಬತ್ತು, ಎಲ್ಲ ಬಾಯಿಪರೀಕ್ಷೆ. ಐದರಲ್ಲಿ ಪಾಸಾದರೆ ಡಾಕ್ಟರ್! ಉಳಿದ ನಾಲ್ಕು ಬಾರದಿದ್ದರೂ ನಡೆಯುತ್ತಿತ್ತು. ವಿದ್ಯಾರ್ಥಿಗಳ ಫೀ ನೇರ ಪ್ರಾಧ್ಯಾಪಕರ ಜೇಬಿಗೆ. ಸಂಖ್ಯೆ ಇಳಿದರೆ ಅವರಿಗೇ ನಷ್ಟ. ಹಾಗಿದ್ದ ಮೇಲೆ ಫೇಲ್ ಮಾಡುವವರು ಯಾರು?

1871ರಿಂದ ಎಲಿಯಟ್ ಫೀಯನ್ನು ವಿಶ್ವವಿದ್ಯಾಲಯದ ಖಜಾನೆಗೆ ತಿರುಗಿಸಿ ಸಂಬಳ ಗೊತ್ತುಮಾಡಿದರು. ವರ್ಷಕ್ಕೆ ಒಂಬತ್ತು ತಿಂಗಳಂತೆ ಮೂರು ವರ್ಷದ ಕ್ರಮಬದ್ಧ ಪಾಠ, ಲಿಖಿತ ಪರೀಕ್ಷೆ ಬಂತು. ಎಲ್ಲ ವಿಷಯಗಳಲ್ಲೂ ಪಾಸಾಗಬೇಕಾಯಿತು. ಶಸ್ತ್ರವೈದ್ಯ ಹೆನ್ರಿ ಬಿಗಲೋ, ಅರ್ಧಕ್ಕಿಂತ ಹೆಚ್ಚು ಹುಡುಗರಿಗೆ ನೆಟ್ಟಗೆ ಬರೆಯಲಿಕ್ಕೇ ಬರುವುದಿಲ್ಲ, ಲಿಖಿತ ಪರೀಕ್ಷೆ ಹೇಗೆ ಪಾಸಾದಾರು ಎಂದು ವಾದಿಸಿದರು. ವಾದ ಎಲಿಯಟ್ಟರ ಪರವೇ ಆಯಿತು! ಇಷ್ಟು ವರ್ಷ ನಾವೇ ನಡೆಸಿಕೊಂಡು ಬಂದದ್ದನ್ನು ಈಗೇಕೆ ಬದಲಿಸಬೇಕೆಂದು ಸಭೆಯಲ್ಲಿ ಕೇಳಿದವರಿಗೆ ಎಲಿಯಟ್ ಕೊಟ್ಟ ಉತ್ತರ: ಈಗ ಹೊಸ ಅಧ್ಯಕ್ಷರು ಬಂದಿದ್ದಾರೆ. ಪ್ರವೇಶ ಮೊದಲು ಕುಸಿಯಿತು, ಆಮೇಲೆ ಚೇತರಿಸಿತು.

ಪ್ರಶ್ನೆ: ಎಲಿಯಟ್ ಹಾರ್ವರ್ಡಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡರೇ?
– ಗೃಹಿಣಿ, ವಿಜಯಪುರ

ಉತ್ತರ: ಇಲ್ಲ. ಇಷ್ಟೆಲ್ಲ ಬದಲಿಸಿದ ಮನುಷ್ಯ ಇಲ್ಲಿ ಮಾತ್ರ ಗಟ್ಟಿಯಾಗಿ ಕೂತರು. 1879ರಲ್ಲಿ ಹಾರ್ವರ್ಡಿನ ಅಧ್ಯಾಪಕರು ಹೊರಗಡೆ ಪ್ರತ್ಯೇಕವಾಗಿ ಹೆಣ್ಣುಮಕ್ಕಳಿಗೆ ಪಾಠ ಶುರುಮಾಡಿದರು. ಅದೇ 1894ರಲ್ಲಿ ರ‍್ಯಾಡ್‌ಕ್ಲಿಫ್ ಕಾಲೇಜಾಯಿತು. ಅಲ್ಲಿನ ಪದವಿಪತ್ರಕ್ಕೆ ಎಲಿಯಟ್ ರುಜು ಹಾಕುತ್ತಿದ್ದರು, ಆದರೆ ಪದವಿ ಮಾತ್ರ ಹಾರ್ವರ್ಡಿನದಲ್ಲ. ನಿಮ್ಮೂರಿನ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೆ ಅಂಥ ಹಂಗಿಲ್ಲ, ಪದವಿ ಅದರದೇ.